ಫೇಲ್ ಆಗಿದ್ದು ಯಾರು?

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿ ಅತಿ ಹೆಚ್ಚು ದುಡಿಯುವ ಇಂಗ್ಲಿಷ್ ಪದ ಯಾವುದು ಎಂದು ಯಾರಾದರೂ ಕೇಳಿದರೆ ನಾನು ‘ಫೇಲ್’ ಎನ್ನುತ್ತೇನೆ. ಬಸ್ಸು, ಕರೆಂಟು, ಮೊಬೈಲು ಎಲ್ಲ ಆಮೇಲೆ. ತೋಟದಲ್ಲಿ ಬೋರು ಫೇಲು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಬ್ರೇಕು ಫೇಲು. ಮಳೆ ಬಾರದ ವರ್ಷ ರಾಗಿ ಫೇಲು. ದೊಡ್ಡಾಸ್ಪತ್ರೆಗೆ ಹೋಗಿ ಬಂದವರ ಬಾಯಲ್ಲಿ ಕಿಡ್ನಿ ಫೇಲು. ಫೋನಿನಲ್ಲಿ ದುಡ್ಡು ಕಳಿಸಲು ಹೋದರೆ ಪೇಮೆಂಟ್ ಫೇಲು. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟ ಅಜ್ಜಿಯ ಹೆಬ್ಬೆಟ್ಟು ಫೇಲು. ಪರೀಕ್ಷೆಯ ರಿಸಲ್ಟ್ ಬಂದ ದಿನವಂತೂ ಕೇಳುವುದೇ ಬೇಡ, ಬೀದಿಗೊಬ್ಬ ಹುಡುಗನೋ ಹುಡುಗಿಯೋ ಎಸ್ಸೆಸ್ಸೆಲ್ಸಿ ಫೇಲು.

ಇಷ್ಟೊಂದು ಕೆಲಸವನ್ನು ಒಂದೇ ಪದ ಮಾಡುತ್ತಿದೆ ಎಂದರೆ ಭಾಷೆ ಜೀವಂತವಾಗಿದೆ ಎಂದು ಭಾಷಾಪ್ರಿಯರು ಸಂತೋಷಪಡಬಹುದು. ನನಗೆ ಆ ಸಂತೋಷವಿಲ್ಲ. ಈ ಪದ ಇಂಗ್ಲಿಷಿನದು ಎಂಬ ತಕರಾರೂ ನನ್ನದಲ್ಲ. ತಕರಾರು ಇಷ್ಟೇ: ಮೇಲಿನ ಮಾತುಗಳನ್ನು ಮತ್ತೊಮ್ಮೆ ಓದಿ ನೋಡಿ. ಹೆಚ್ಚಿನವುಗಳಲ್ಲಿ ಈ ಪದ ಬೆರಳು ತೋರಿಸುವುದು ಪೆಟ್ಟು ತಿಂದವರ ಕಡೆಗೆ. ಪೆಟ್ಟು ಕೊಟ್ಟವರು ಯಾರು ಎಂಬ ಪ್ರಶ್ನೆ ಏಳುವ ಮೊದಲೇ ಅದು ಮಾತು ಮುಗಿಸಿಬಿಡುತ್ತದೆ.

ಅಜ್ಜಿಯ ಹೆಬ್ಬೆಟ್ಟನ್ನೇ ತೆಗೆದುಕೊಳ್ಳಿ. ಅರವತ್ತು ವರ್ಷ ಕಳೆ ಕಿತ್ತು, ಪಾತ್ರೆ ತಿಕ್ಕಿ, ಗರಿ ಹೆಣೆದು, ಸಗಣಿ ಬಾಚಿ ಬೆರಳಿನ ಗೆರೆಗಳು ಸವೆದಿವೆ. ಯಂತ್ರಕ್ಕೆ ಆ ಬೆರಳನ್ನು ಓದಲು ಬರಲಿಲ್ಲ. ಓದಲು ಬಾರದವರು ಯಾರು? ಯಂತ್ರ. ಆದರೆ ಅಂಗಡಿಯಲ್ಲಿ ಬರುವ ಮಾತು, “ಅಜ್ಜೀ, ನಿಮ್ದು ಫೇಲ್ ಬರ್ತಾ ಐತೆ, ನಾಳೆ ಬನ್ನಿ” ಎಂದು. ಅಜ್ಜಿ ತನ್ನ ಬೆರಳನ್ನೇ ಸೆರಗಿಗೆ ಒರೆಸಿಕೊಂಡು, ಅದರಲ್ಲೇ ಏನೋ ದೋಷವಿದೆ ಎಂಬಂತೆ ನೋಡಿಕೊಳ್ಳುತ್ತಾಳೆ. ದುಡಿದು ಸವೆದ ಬೆರಳು ಫೇಲು, ಅದನ್ನು ಓದಲಾರದ ಯಂತ್ರ ಪಾಸು. ಈ ಒಂದು ವಾಕ್ಯದಲ್ಲಿ ನಡೆಯುವ ಅನ್ಯಾಯವೇ ಉಳಿದ ಕಡೆಯೂ ನಡೆಯುತ್ತಿದೆ.

ಇನ್ನು ಬೋರಿನ ಮಾತು. ನಮ್ಮದು ಬಯಲುಸೀಮೆ. ತೆಂಗು, ರಾಗಿ, ಒಂದಿಷ್ಟು ಕಾಳು. ಊರಿನ ಹೆಸರಿನಲ್ಲಿ ಕಣವೂ ಕೇಳಿಸುತ್ತದೆ, ಕಟ್ಟೆಯೂ ಕೇಳಿಸುತ್ತದೆ. ತಾಲ್ಲೂಕಿನ ಹೆಸರಿನಲ್ಲಿ ಕೆರೆಯೇ ಇದೆ. ಪಕ್ಕದ ಹಳೇಬೀಡು ಹೊಯ್ಸಳರ ಕಾಲದಲ್ಲಿ ದೋರಸಮುದ್ರ. ನೀರನ್ನು ಹೆಸರಿಟ್ಟು ಕರೆದ ಸೀಮೆ ಇದು. ಕೆರೆಗೆ ಸಂಬಂಧಿಸಿದ ನಮ್ಮ ಮಾತುಗಳು ಎಷ್ಟು ಖಚಿತವಾಗಿದ್ದವು ನೋಡಿ: ಕೆರೆ ತುಂಬಲಿಲ್ಲ, ಕೋಡಿ ಬೀಳಲಿಲ್ಲ, ಏರಿ ಒಡೆಯಿತು, ತೂಬು ಸೋರುತ್ತಿದೆ, ಹೂಳು ತುಂಬಿದೆ. ಒಂದೊಂದು ಮಾತಿಗೂ ಒಂದೊಂದು ಕಾರಣ, ಒಂದೊಂದು ಕೆಲಸ. ಏರಿ ಒಡೆದರೆ ಮಣ್ಣು ಹಾಕಬೇಕು, ಹೂಳು ತುಂಬಿದರೆ ತೆಗೆಯಬೇಕು, ಮಳೆ ಬರದಿದ್ದರೆ ಕಾಯಬೇಕು. ‘ಕೆರೆ ಫೇಲ್ ಆಯ್ತು’ ಎಂದು ಯಾರೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಯಾರು ಏನು ಮಾಡಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಬೋರಿನ ವಿಷಯಕ್ಕೆ ಬಂದಾಗ ಆ ಖಚಿತತೆ ಮಾಯವಾಯಿತು. ಐನೂರು ಅಡಿ ಕೊರೆಸಿದರೂ ಬರೀ ಧೂಳು ಬಂದರೆ ಅದು ‘ಬೋರ್ ಫೇಲ್’. ಹನ್ನೆರಡು ವರ್ಷ ತೋಟಕ್ಕೆಲ್ಲ ನೀರು ಕೊಟ್ಟ ಬೋರು ಈ ಬೇಸಿಗೆಯಲ್ಲಿ ನಿಂತರೆ ಅದೂ ‘ಬೋರ್ ಫೇಲ್’. ಇವೆರಡೂ ಒಂದೇ ಕತೆಯೇ? ಮೊದಲನೆಯದರಲ್ಲಿ ನೀರಿಲ್ಲದ ಜಾಗಕ್ಕೆ ಪಾಯಿಂಟ್ ಹಾಕಿದವರಿದ್ದಾರೆ, ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ‘ಮೂರಿಂಚು ಗ್ಯಾರಂಟಿ’ ಎಂದವರಿದ್ದಾರೆ. ಎರಡನೆಯದರಲ್ಲಿ ಸುತ್ತಲಿನ ಹತ್ತು ತೋಟದವರು ಒಬ್ಬರಿಗಿಂತ ಒಬ್ಬರು ಆಳಕ್ಕೆ ಇಳಿದದ್ದಿದೆ, ಕೆರೆ ತುಂಬದೆ ಅಂತರ್ಜಲ ಮರುಪೂರಣವಾಗದೆ ಹೋದದ್ದಿದೆ. ಒಂದು ತಪ್ಪು ಲೆಕ್ಕದ ಕತೆ. ಇನ್ನೊಂದು ಇಡೀ ಸೀಮೆ ಸೇರಿ ಖಾಲಿ ಮಾಡಿದ ಕತೆ. ಎರಡಕ್ಕೂ ಒಂದೇ ಪದ ಹಾಕಿ ನಾವು ಬೀಡಿ ಹಚ್ಚುತ್ತೇವೆ.

ಗಮನಿಸಿ, ಬೋರ್ ಲಾರಿಯವರ ಲೆಕ್ಕದಲ್ಲಿ ಮಾತ್ರ ಈ ಪದಕ್ಕೆ ಜಾಗವಿಲ್ಲ. ಅವರದ್ದು ಅಡಿ ಲೆಕ್ಕ. ನೀರು ಬಿದ್ದರೂ ಅಷ್ಟೇ, ಧೂಳೆದ್ದರೂ ಅಷ್ಟೇ, ಕೇಸಿಂಗ್ ಪೈಪಿನ ದುಡ್ಡು ಬೇರೆ. ಆ ಬಿಲ್ಲು ಎಂದೂ ಫೇಲಾಗುವುದಿಲ್ಲ. ಫೇಲಾಗುವುದು ಒಡವೆ ಅಡವಿಟ್ಟು ಕೊರೆಸಿದವನು. ಆಮೇಲೆ ಆ ಕೊಳವೆಯ ಬಾಯಿಗೆ ಒಂದು ಚಪ್ಪಡಿ ಹಾಕುವುದನ್ನೂ ಮರೆಯುತ್ತೇವೆ. ಫೇಲ್ ಆದದ್ದರ ಜೊತೆ ನಮಗಿನ್ನೇನು ಕೆಲಸ? ತೆರೆದ ಕೊಳವೆಬಾವಿಗಳಿಗೆ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಕೊಟ್ಟಿತು. ಆದರೂ 2017ರ ಏಪ್ರಿಲಿನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಒಂದು ಹೆಣ್ಣುಮಗು ಬಿದ್ದು ಸತ್ತಿತು. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗು ಬದುಕಿ ಬಂದದ್ದು ರಕ್ಷಣಾ ಸಿಬ್ಬಂದಿಯ ಪುಣ್ಯ. ‘ಫೇಲ್’ ಎಂದು ಕರೆದ ಮಾತ್ರಕ್ಕೆ ವಸ್ತು ಇಲ್ಲವಾಗುವುದಿಲ್ಲ. ಅದರ ಬಾಯಿ ತೆರೆದೇ ಇರುತ್ತದೆ. ಇದು ಕೊಳವೆಬಾವಿಗೂ ನಿಜ, ಮುಂದೆ ಹೇಳಲಿರುವ ಮಕ್ಕಳಿಗೂ ನಿಜ.

ಈಗ ಪದದ ಹುಟ್ಟಿಗೆ ಬರೋಣ. ಇಂಗ್ಲಿಷಿನ ಈ ಪದ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಫಲ್ಲೆರೆ’ ಎಂಬ ಕ್ರಿಯಾಪದದಿಂದ ಬಂದದ್ದು. ಅದರ ಅರ್ಥ ಮೋಸಮಾಡು, ನಂಬಿಸಿ ಕೈಬಿಡು. ಅಂದರೆ ಬೇರಿನಲ್ಲೇ ಇಬ್ಬರಿದ್ದಾರೆ: ಕೈಬಿಟ್ಟವರು ಮತ್ತು ಕೈಬಿಡಿಸಿಕೊಂಡವರು. ಇಂಗ್ಲಿಷಿನವರು ಇವತ್ತಿಗೂ ಈ ಅರ್ಥವನ್ನು ಬಿಟ್ಟಿಲ್ಲ. ‘ದ ಚೈಲ್ಡ್ ಫೇಲ್ಡ್’ ಎಂದರೆ ಮಗು ಪರೀಕ್ಷೆಯಲ್ಲಿ ದಾಟಲಿಲ್ಲ ಎಂದು. ‘ದ ಸ್ಕೂಲ್ ಫೇಲ್ಡ್ ದ ಚೈಲ್ಡ್’ ಎಂದರೆ ಶಾಲೆ ಆ ಮಗುವಿನ ಕೈಬಿಟ್ಟಿತು ಎಂದು. ಮಾತು ಹೊರಡದಿದ್ದಾಗ ‘ವರ್ಡ್ಸ್ ಫೇಲ್ ಮಿ’ ಎನ್ನುತ್ತಾರೆ, ಅಂದರೆ ಪದಗಳು ನನಗೆ ಕೈಕೊಟ್ಟವು. ಸರ್ಕಾರ ಬಡವರನ್ನು ‘ಫೇಲ್’ ಮಾಡಿತು, ಡಾಕ್ಟರು ರೋಗಿಯನ್ನು ‘ಫೇಲ್’ ಮಾಡಿದರು ಎಂದು ಅವರ ಪತ್ರಿಕೆಗಳು ಸಲೀಸಾಗಿ ಬರೆಯುತ್ತವೆ. ಆ ವಾಕ್ಯಗಳಲ್ಲಿ ತಪ್ಪಿತಸ್ಥರು ಮೇಲಿನವರು.

ನಾವು ಸಾಲ ತಂದದ್ದು ಇದರ ಒಂದು ಅರ್ಧವನ್ನು ಮಾತ್ರ. ಕನ್ನಡದಲ್ಲಿ ಹೊರಗಿನ ಕ್ರಿಯಾಪದವನ್ನು ಒಳಗೆ ತರಲು ‘ಆಗು’ ಮತ್ತು ‘ಮಾಡು’ ಎಂಬ ಎರಡು ಬಾಗಿಲುಗಳಿವೆ. ‘ಫೇಲ್’ ಬಹುತೇಕ ‘ಆಗು’ ಬಾಗಿಲಿನಿಂದಲೇ ಬಂತು. ಫೇಲ್ ಆಯ್ತು, ಫೇಲ್ ಆದ, ಫೇಲ್ ಆಗೋಳು. ಹಣ್ಣು ಮಾಗುವ ಹಾಗೆ, ಹೊತ್ತು ಮುಳುಗುವ ಹಾಗೆ, ತಾನೇ ತಾನಾಗಿ ಆಗುವ ಸಂಗತಿ. ‘ಮೇಷ್ಟ್ರು ನನ್ನ ಫೇಲ್ ಮಾಡಿದ್ರು’ ಎಂದು ಮಕ್ಕಳು ಅನ್ನುವುದುಂಟು. ಅದರ ಅರ್ಥವೂ ಅಂಕ ಕಡಿಮೆ ಕೊಟ್ಟರು ಎಂಬಷ್ಟೇ, ನನ್ನ ಕೈಬಿಟ್ಟರು ಎಂದಲ್ಲ. ಅಷ್ಟನ್ನು ಅಂದರೂ ನಾವು ಗದರುತ್ತೇವೆ: “ಮೇಷ್ಟ್ರು ಯಾಕ್ಲಾ ಮಾಡ್ತಾರೆ, ನೀನ್ ಓದ್ಲಿಲ್ಲ, ನೀನೇ ಆದೆ.” ಮಗುವಿಗೆ ನಾವು ಕಲಿಸುವ ಮೊದಲ ವ್ಯಾಕರಣ ಪಾಠ ಇದು. ‘ಮಾಡು’ ಅಳಿಸು, ‘ಆಗು’ ಬರಿ.

ಹಾಗಾದರೆ ಇಂಗ್ಲಿಷಿನ ಆ ಇನ್ನರ್ಧಕ್ಕೆ ಕನ್ನಡದಲ್ಲಿ ಮಾತಿಲ್ಲವೇ? ಬೇಕಾದಷ್ಟಿದೆ. ‘ಕೈಕೊಡು’ ಎಂಬ ಮಾತು ಲ್ಯಾಟಿನ್ನಿನ ಮೂಲಾರ್ಥಕ್ಕೆ ಅಚ್ಚು ಹೊಯ್ದ ಹಾಗಿದೆ. ಮಳೆ ಕೈಕೊಟ್ಟಿತು ಎನ್ನುತ್ತೇವೆ. ಮಳೆಗೆ ಮನಸ್ಸಿಲ್ಲ, ಆದರೂ ಯಾರು ಯಾರಿಗೆ ಏನು ಮಾಡಿದರು ಎಂಬುದು ಆ ಮಾತಿನಲ್ಲಿ ಸ್ಪಷ್ಟವಾಗಿದೆ. ಅದೇ ರೈತ ‘ಬೆಳೆ ಫೇಲು’ ಎಂದಾಗ ಮಳೆ ಮರೆಯಾಗುತ್ತದೆ, ಕಳಪೆ ಬೀಜ ಮರೆಯಾಗುತ್ತದೆ, ಉಳಿಯುವುದು ಅವನೂ ಅವನ ಹೊಲವೂ.

‘ಸೋಲು’ ಎಂಬ ನಮ್ಮ ಮಾತಿಗೂ ಇದೇ ಪ್ರಾಮಾಣಿಕತೆ ಇದೆ. ಸೋತ ಎಂದ ಕೂಡಲೆ ‘ಯಾರಿಗೆ?’ ಎಂದು ಕೇಳಬಹುದು. ಸೋತವನು ಆಟದಲ್ಲಿ ಇದ್ದವನು. ನಡೆದು ನಡೆದು ಕಾಲು ಸೋಲುತ್ತವೆ, ಒಳ್ಳೆಯ ಹಾಡಿಗೆ ಮನ ಸೋಲುತ್ತದೆ. ಅದರಲ್ಲಿ ಅವಮಾನವಿಲ್ಲ. ಹಳೆಯ ಹುಡುಗರು ಪರೀಕ್ಷೆಗೆ ಇಟ್ಟುಕೊಂಡಿದ್ದ ಮಾತುಗಳಂತೂ ಇನ್ನೂ ಚೆಂದ. ‘ಗೋತಾ ಹೊಡೆದ’, ‘ಡುಮ್ಕಿ ಹೊಡೆದ’, ‘ಪಲ್ಟಿ ಹೊಡೆದ’. ಎಲ್ಲವೂ ಆಟದ ಮಾತುಗಳು. ಗೋತಾ ಹೊಡೆದ ಗಾಳಿಪಟವನ್ನು ದಾರ ಎಳೆದು ಮತ್ತೆ ಏರಿಸುತ್ತಾರೆ. ಪಲ್ಟಿ ಹೊಡೆದವನು ಮಣ್ಣು ಕೊಡವಿಕೊಂಡು ಏಳುತ್ತಾನೆ. ‘ಈ ಸಲ ಗಣಿತದಲ್ಲಿ ಗೋತಾ ಹೊಡೆದೆ’ ಎಂದು ಒಬ್ಬ ಹುಡುಗ ನಕ್ಕುಕೊಂಡು ಹೇಳಬಲ್ಲ. ‘ನಾನು ಫೇಲು’ ಎಂದು ನಕ್ಕುಕೊಂಡು ಹೇಳುವುದು ಅಷ್ಟು ಸುಲಭವಲ್ಲ.

ಸರ್ಕಾರಿ ಕನ್ನಡದ ‘ಅನುತ್ತೀರ್ಣ’ ಕೂಡ ಇದಕ್ಕಿಂತ ದಯೆಯುಳ್ಳದ್ದು. ಉತ್ತೀರ್ಣ ಎಂದರೆ ದಾಟಿದವನು, ಹೊಳೆ ದಾಟಿ ಆಚೆ ದಡ ಸೇರಿದವನು. ಅನುತ್ತೀರ್ಣ ಎಂದರೆ ದಾಟದವನು. ಈಚೆ ದಡದಲ್ಲಿ ನಿಂತಿದ್ದಾನೆ, ದೋಣಿ ಇತ್ತೇ, ಹೊಳೆ ಎಷ್ಟಿತ್ತು ಎಂದು ಕೇಳಲು ಅವಕಾಶವಿದೆ. ಆದರೆ ಆ ಪದ ಅಂಕಪಟ್ಟಿಯ ಭಾಷೆಯಾಗಿ ಉಳಿಯಿತು, ಬಾಯಿಗೆ ಬರಲಿಲ್ಲ.

ಈ ಅರ್ಧ ಸಾಲದ ಬಡ್ಡಿ ಕಟ್ಟುತ್ತಿರುವವರು ಮಕ್ಕಳು. ‘ಗಣಿತದಲ್ಲಿ ಫೇಲ್ ಆದ’ ಎಂಬುದು ಒಂದು ಘಟನೆ. ‘ಅವನು ಎಸ್ಸೆಸ್ಸೆಲ್ಸಿ ಫೇಲು’ ಎಂಬುದು ಒಂದು ಜಾತಿ. ಘಟನೆ ಯಾವಾಗ ಜಾತಿಯಾಯಿತು ಎಂಬುದಕ್ಕೆ ಅಮೆರಿಕದಲ್ಲೂ ಒಂದು ಚರಿತ್ರೆಯಿದೆ. ಸ್ಕಾಟ್ ಸ್ಯಾಂಡೇಜ್ ಎಂಬ ಚರಿತ್ರೆಕಾರ 2005ರಲ್ಲಿ ಪ್ರಕಟಿಸಿದ ‘ಬಾರ್ನ್ ಲೂಸರ್ಸ್’ ಪುಸ್ತಕದ ವಾದ ಇದೇ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ‘ಫೇಲ್ಯೂರ್’ ಎಂದರೆ ವ್ಯಾಪಾರ ಮುಳುಗುವುದು, ಮನುಷ್ಯನಿಗೆ ಆಗುವ ಒಂದು ನಷ್ಟ. ಶತಮಾನ ಮುಗಿಯುವಷ್ಟರಲ್ಲಿ ಅದು ಮನುಷ್ಯನೇ ಆಗಿಬಿಟ್ಟಿತು, ಅವನ ಗುಣ, ಅವನ ಹೆಸರು. ಅವರು ನೂರು ವರ್ಷದಲ್ಲಿ ಮಾಡಿದ್ದನ್ನು ನಾವು ಒಂದು ಅಂಕಪಟ್ಟಿಯಿಂದ ಮಾಡುತ್ತೇವೆ.

ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿಗಳನ್ನು ನೀವೂ ಓದಿರುತ್ತೀರಿ: ‘ಕೆಲಸಕ್ಕೆ ಬೇಕಾಗಿದ್ದಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪಾಸ್ / ಫೇಲ್. ಊಟ, ವಸತಿ ಉಚಿತ.’ ಇಲ್ಲಿ ಫೇಲ್ ಒಂದು ವಿದ್ಯಾರ್ಹತೆ. ಕಡಿಮೆ ಸಂಬಳಕ್ಕೆ, ಹನ್ನೆರಡು ಗಂಟೆಯ ಪಾಳಿಗೆ, ಎದುರು ಮಾತಾಡದೆ ಬರುವವರ ಗುರುತುಪದ. ನಮ್ಮ ಕಡೆಯ ಹುಡುಗರು ಈ ಚೀಟಿ ಹಿಡಿದು ರೈಲು ಹತ್ತುತ್ತಾರೆ. ಹುಡುಗಿಯರ ಕತೆ ಇನ್ನೂ ಚಿಕ್ಕದು. ‘ಹೆಂಗೂ ಫೇಲಾಗವ್ಳೆ, ಇನ್ನೇನ್ ಓದ್ಸೋದು’ ಎಂಬ ಒಂದು ಮಾತಿನಲ್ಲಿ ಮದುವೆಯ ಮಾತುಕತೆ ಶುರುವಾಗುತ್ತದೆ. ಮತ್ತೊಂದು ಪರೀಕ್ಷೆ ಬರೆಯಬಹುದು, ಒಂದೇ ವಿಷಯ ಉಳಿದಿದೆ ಎಂಬ ಲೆಕ್ಕಗಳೆಲ್ಲ ಆ ಪದದ ಕೆಳಗೆ ಹೂತುಹೋಗುತ್ತವೆ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶ ರಾಜ್ಯದಲ್ಲಿ ಬಂತು. ನಿಯಮ ಬದಲಾಯಿತು, ಮನೆಯ ಮಾತು ಬದಲಾಗಲಿಲ್ಲ.

ಈ ಪದ ಮಗುವಿನ ಬಗ್ಗೆ ನಿಜವಾಗಿ ಏನನ್ನಾದರೂ ಹೇಳುತ್ತದೆಯೇ? 2023ರಲ್ಲಿ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಕರ್ನಾಟಕದ ಮಕ್ಕಳು ಇಷ್ಟು ದಡ್ಡರಾದರೇ? ಇನ್ನೂ ಮುಂದೆ ಬನ್ನಿ. ಅಲ್ಲಿಯವರೆಗೆ ಪಾಸಿಗೆ ಶೇ 35 ಬೇಕಿತ್ತು. 2025ರ ಅಕ್ಟೋಬರಿನಲ್ಲಿ ಸರ್ಕಾರ ಅದನ್ನು ಶೇ 33ಕ್ಕೆ ಇಳಿಸಿತು: ಒಟ್ಟು 625ಕ್ಕೆ 206 ಅಂಕ, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಈ ಇಳಿಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಗಣಿತದಲ್ಲಿ 31 ತೆಗೆದ ಹುಡುಗಿಯನ್ನು ಯೋಚಿಸಿ. ಒಂದು ವರ್ಷ ಅವಳು ಫೇಲು, ಮದುವೆಗೆ ಬಂದವಳು. ಇನ್ನೊಂದು ವರ್ಷ ಅದೇ ಉತ್ತರ ಬರೆದವಳು ಪಾಸು, ಕಾಲೇಜಿಗೆ ಹೊರಟವಳು. ಬದಲಾದದ್ದು ಹುಡುಗಿಯಲ್ಲ, ಬೆಂಗಳೂರಿನ ಕಚೇರಿಯಲ್ಲಿ ಎಳೆದ ಗೆರೆ. ಗೆರೆ ಬೇಕು, ಪರೀಕ್ಷೆಯೂ ಬೇಕು. ಗೆರೆಯ ಹೆಸರನ್ನು ತೆಗೆದು ಮಗುವಿಗೆ ಇಡುವುದು ಬೇಡ.

ಪಾಸಿನ ವಿಷಯದಲ್ಲಿ ನಮ್ಮ ವ್ಯಾಕರಣವೇ ಬೇರೆ. 2019ರಲ್ಲಿ ಹಾಸನ ಜಿಲ್ಲೆ ಶೇ 89.33 ಫಲಿತಾಂಶ ತೆಗೆದು ರಾಜ್ಯಕ್ಕೇ ಮೊದಲು ಬಂತು. ಆ ಕೀರ್ತಿ ಯಾರಿಗೆ ಸೇರಬೇಕು ಎಂದು ಆಗ ಜಿಲ್ಲೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಧಿಕಾರಿಗಳದೋ, ರಾಜಕಾರಣಿಗಳದೋ, ಶಿಕ್ಷಕರದೋ? ಪಾಸಾದ ಮಕ್ಕಳಿಗೆ ಎಷ್ಟೊಂದು ಜನ ವಾರಸುದಾರರು! ಅದೇ ವರ್ಷ ಅದೇ ಜಿಲ್ಲೆಯಲ್ಲಿ ನೂರಕ್ಕೆ ಹತ್ತು ಹನ್ನೊಂದು ಮಕ್ಕಳು ದಾಟಲಿಲ್ಲ. ಅವರ ವಾರಸುದಾರಿಕೆಗೆ ಯಾರೂ ಜಗಳಕ್ಕೆ ಬರಲಿಲ್ಲ. ಪಾಸ್ ಎಂದರೆ ಊರಿನ ಸಾಧನೆ, ಫೇಲ್ ಎಂದರೆ ಮಗುವಿನ ಸ್ವಯಾರ್ಜಿತ. ಶಾಲೆಯ ಗೇಟಿಗೆ ‘ಶೇ 100 ಫಲಿತಾಂಶ’ದ ಬ್ಯಾನರು ಕಟ್ಟಲು ಎಷ್ಟು ಮಕ್ಕಳನ್ನು ಒಂಬತ್ತನೇ ತರಗತಿಯಲ್ಲೇ ಸೋಸಿ ಆಚೆ ಕಳಿಸುತ್ತಾರೆ ಎಂಬುದು ಶಿಕ್ಷಕರಿಗೆಲ್ಲ ಗೊತ್ತಿರುವ ಗುಟ್ಟು. ಜೂನಿನಲ್ಲಿ ಶಾಲೆ ತೆರೆದ ಮೇಲೂ ಗಣಿತಕ್ಕೋ ಇಂಗ್ಲಿಷಿಗೋ ಅತಿಥಿ ಶಿಕ್ಷಕರ ದಾರಿ ಕಾಯುತ್ತ ಕೂತ ಸರ್ಕಾರಿ ಶಾಲೆಯ ಮಗು, ಮಾರ್ಚಿನಲ್ಲಿ ಅದೇ ವಿಷಯದಲ್ಲಿ ‘ಫೇಲ್ ಆದಾಗ’, ಆ ಖಾಲಿ ಕುರ್ಚಿಯ ಹೆಸರು ಯಾವ ಅಂಕಪಟ್ಟಿಯಲ್ಲಿ ಬರುತ್ತದೆ?

ಇನ್ನು ಯಾರಿಗೆ ಈ ಪದ ಅಂಟುವುದಿಲ್ಲ ಎಂಬುದನ್ನೂ ನೋಡೋಣ. ಚುನಾವಣೆಯಲ್ಲಿ ಬಿದ್ದವರನ್ನು ‘ಎಮ್ಮೆಲ್ಲೆ ಫೇಲು’ ಎಂದು ಯಾರಾದರೂ ಪರಿಚಯಿಸಿದ್ದಾರೆಯೇ? ಅವರು ‘ಪರಾಜಿತ ಅಭ್ಯರ್ಥಿ’, ಎರಡು ದಿನ ಕಳೆದರೆ ‘ಮಾಜಿ ಶಾಸಕರು’, ಮದುವೆಯ ಆಹ್ವಾನ ಪತ್ರಿಕೆಯಲ್ಲಿ ‘ಜನಪ್ರಿಯ ನಾಯಕರು’. ಸಾಲ ತೀರಿಸದ ದೊಡ್ಡ ಕಂಪನಿಗೆ ‘ಆರ್ಥಿಕ ಸಂಕಷ್ಟ’, ಅದರ ಸಾಲಕ್ಕೆ ‘ಅನುತ್ಪಾದಕ ಆಸ್ತಿ’. ಓಡದ ಸಿನಿಮಾ ಕೂಡ ‘ಮಕಾಡೆ ಮಲಗಿತು’ ಎನಿಸಿಕೊಳ್ಳುತ್ತದೆ, ಮಲಗಿದ್ದು ಏಳಬಹುದು ಎಂಬ ಆಸೆಯಾದರೂ ಉಂಟು.

ನಮ್ಮ ಸೀಮೆಗೇ ಸಂಬಂಧಿಸಿದ ಎತ್ತಿನಹೊಳೆ ಯೋಜನೆಯನ್ನು ನೋಡಿ. ಅದರ ಕಾಲುವೆ ಹಾಯುವ ತಾಲ್ಲೂಕುಗಳಲ್ಲಿ ಅರಸೀಕೆರೆಯೂ ಒಂದು. 2012ರಲ್ಲಿ ಅದರ ಅಂದಾಜು 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, ಆಮೇಲೆ 23,251 ಕೋಟಿ. ಮೊದಲ ಹಂತದ ಉದ್ಘಾಟನೆಯಾಗಲು 2024ರ ಸೆಪ್ಟೆಂಬರ್ ಬರಬೇಕಾಯಿತು. ಒಂದು ಹುಡುಗ ಗಣಿತದ ಲೆಕ್ಕಕ್ಕೆ ಮೊದಲು 8 ಎಂದು, ಆಮೇಲೆ 12 ಎಂದು, ಕೊನೆಗೆ 23 ಎಂದು ಉತ್ತರ ಬರೆದರೆ ನಾವು ಏನನ್ನುತ್ತೇವೆ? ಯೋಜನೆಗೆ ಅನ್ನುವುದು ‘ಪರಿಷ್ಕೃತ ಅಂದಾಜು’. ತಪ್ಪಾದ ಲೆಕ್ಕಕ್ಕೆ ಇಷ್ಟು ಮೃದುವಾದ ಹೆಸರು ನಮ್ಮಲ್ಲಿ ಇದ್ದೇ ಇದೆ. ಮಕ್ಕಳಿಗೆ ಕೊಡುತ್ತಿಲ್ಲ, ಅಷ್ಟೇ.

ದುಡ್ಡು ಕೊಡಬೇಕಾಗಿ ಬಂದಾಗ ಮಾತ್ರ ‘ಫೇಲ್’ ಎಂಬುದಕ್ಕೆ ಇದ್ದಕ್ಕಿದ್ದಂತೆ ಕರಾರುವಾಕ್ಕಾದ ಅಳತೆ ಬರುತ್ತದೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ನಿಮ್ಮ ಹೊಲದ ರಾಗಿ ಒಣಗಿದರೆ ಸಾಲದು. ನಮ್ಮ ರಾಜ್ಯದಲ್ಲಿ ಬೆಳೆಗೆ ತಕ್ಕಂತೆ ಗ್ರಾಮ ಪಂಚಾಯಿತಿಯನ್ನೋ ಹೋಬಳಿಯನ್ನೋ ಒಂದು ಘಟಕವಾಗಿ ಹಿಡಿಯುತ್ತಾರೆ. ಅಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಸರಾಸರಿ ಇಳುವರಿ ನಿಗದಿಯಾದ ಮಟ್ಟಕ್ಕಿಂತ ಎಷ್ಟು ಕಡಿಮೆ ಎಂದು ತೂಗಿ, ಆಮೇಲೆ ಪರಿಹಾರದ ಮಾತು. ಸರಾಸರಿ ಸರಿಯಾಗಿದ್ದರೆ, ನಿಮ್ಮ ಹೊಲದಲ್ಲಿ ಒಂದು ತೆನೆ ಇಲ್ಲದಿದ್ದರೂ, ಕಾಗದದ ಪ್ರಕಾರ ಬೆಳೆ ಹೋಗಿಲ್ಲ. ಕಂಪನಿಯ ಹಣ ಉಳಿಸಲು ಇಷ್ಟು ತೂಕ, ಅಳತೆ, ಘಟಕ, ಸರಾಸರಿ. ಹದಿನೈದು ವರ್ಷದ ಮಗುವಿನ ಹಣೆಯ ಮೇಲೆ ಬರೆಯಲು ಒಂದು ಬಾಯಿಮಾತು.

ಇದಕ್ಕೆ ಬರುವ ಮೂರು ಆಕ್ಷೇಪಗಳನ್ನು ನಾನು ಬಲ್ಲೆ.

ಮೊದಲನೆಯದು, ‘ಇಂಗ್ಲಿಷ್ ಪದವನ್ನು ಓಡಿಸಬೇಕೆಂಬ ಹಳೇ ಹಟ ಇದು’ ಎಂಬುದು. ಅಲ್ಲ. ಫೇಲ್ ಈಗ ಕನ್ನಡದ ಪದವೇ. ನಮ್ಮ ಅಜ್ಜಿಯರು ಅದಕ್ಕೆ ಉಕಾರ ಹಚ್ಚಿ ಫೇಲು ಮಾಡಿ ಮನೆಯೊಳಗೆ ಕರೆದುಕೊಂಡು ಎಷ್ಟೋ ಕಾಲವಾಯಿತು. ಬ್ರೇಕು ಫೇಲಾಗಲಿ, ಪೇಮೆಂಟ್ ಫೇಲಾಗಲಿ, ನನ್ನದೇನೂ ಅಡ್ಡಿಯಿಲ್ಲ. ಅದರ ಜೊತೆಗೇ ಬಂದ ‘ಪಾಸು’ ನೋಡಿ, ಎಷ್ಟು ಚೆನ್ನಾಗಿ ಬದುಕುತ್ತಿದೆ: ಬಸ್ ಪಾಸು, ಗೇಟ್ ಪಾಸು, ಬಿಲ್ ಪಾಸು, ಟೈಂಪಾಸು. ಎಲ್ಲಿ ಹೋದರೂ ದಾರಿ ಬಿಡಿಸುವ ಪದ. ಫೇಲಿಗೂ ಅದರ ಪೂರ್ತಿ ಅರ್ಥವನ್ನು ತಂದುಕೊಡೋಣ ಎಂಬುದು ನನ್ನ ವಾದ. ತರುವುದಾದರೆ ಇಡಿಯಾಗಿ ತರಬೇಕು, ಬಡವರ ಮೇಲೆ ಬೀಳುವ ಅರ್ಧವನ್ನು ಮಾತ್ರ ತರಬಾರದು.

ಎರಡನೆಯದು, ‘ಮೆತ್ತಗಿನ ಪದ ಬಳಸಿದರೆ ಮಕ್ಕಳು ಸೋಮಾರಿಗಳಾಗುತ್ತಾರೆ’ ಎಂಬುದು. ನಾನು ಮೆತ್ತಗಿನ ಪದವನ್ನು ಕೇಳುತ್ತಲೇ ಇಲ್ಲ. 2020ರಲ್ಲಿ ಸಿಬಿಎಸ್‌ಇ ಮಂಡಳಿ ಅಂಕಪಟ್ಟಿಯಿಂದ ‘ಫೇಲ್’ ತೆಗೆದು ‘ಎಸೆನ್ಷಿಯಲ್ ರಿಪೀಟ್’ ಎಂದು ಹಾಕಿತು. ಅದು ಗಾಯಕ್ಕೆ ಬಣ್ಣ ಬಳಿಯುವ ಕೆಲಸ. ಬೀದಿಯಲ್ಲಿ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ನಾನು ಕೇಳುತ್ತಿರುವುದು ಹೆಚ್ಚು ಖಚಿತವಾದ, ಬೇಕಿದ್ದರೆ ಹೆಚ್ಚು ಕಠಿಣವಾದ ಮಾತು. ‘ನಿನಗೆ ಭಿನ್ನರಾಶಿ ಬರುವುದಿಲ್ಲ, ಆರನೇ ತರಗತಿಯಿಂದಲೂ ಬಂದಿಲ್ಲ’ ಎಂಬುದು ಫೇಲ್‌ಗಿಂತ ಕಠಿಣ. ಆದರೆ ಅದರಲ್ಲಿ ಮಾಡಬೇಕಾದ ಕೆಲಸ ಕಾಣುತ್ತದೆ. ಏಳು, ಎಂಟು, ಒಂಬತ್ತನೇ ತರಗತಿಯ ಮೇಷ್ಟ್ರುಗಳೂ ಕಾಣುತ್ತಾರೆ.

ಮೂರನೆಯದು, ‘ಮಾತಿನಲ್ಲೇನಿದೆ, ವ್ಯವಸ್ಥೆ ಬದಲಾಗಬೇಕು’ ಎಂಬುದು. ಸಾಹಿತ್ಯ ಓದುವವರ ಬಾಯಲ್ಲಿ ಈ ಮಾತು ಬಂದರೆ ನನಗೆ ಆಶ್ಚರ್ಯವಾಗುತ್ತದೆ. ವ್ಯವಸ್ಥೆಯನ್ನು ಬದಲಿಸಲು ಮೊದಲು ಅದರ ಮೇಲೆ ದೂರು ಕೊಡಬೇಕು. ದೂರಿಗೆ ಒಂದು ವಾಕ್ಯ ಬೇಕು, ವಾಕ್ಯಕ್ಕೆ ಕರ್ತೃ ಬೇಕು. ‘ಬೋರ್ ಫೇಲ್ ಆಯ್ತು’ ಎಂಬ ವಾಕ್ಯ ಹಿಡಿದು ಯಾವ ಕಚೇರಿಗೆ ಹೋಗುತ್ತೀರಿ? ಅಂತರ್ಜಲ ನಿಯಂತ್ರಣಕ್ಕೆ ಈ ರಾಜ್ಯದಲ್ಲಿ 2011ರಿಂದ ಒಂದು ಕಾನೂನು ಇದೆ. ಅದು ಇದೆಯೆಂಬ ನೆನಪೂ ನಮಗೆ ಬರುವುದಿಲ್ಲ, ಏಕೆಂದರೆ ನಮ್ಮ ವಾಕ್ಯದಲ್ಲಿ ನೀರು ತೆಗೆದವರೇ ಇಲ್ಲ. ‘ಮಗಳು ಫೇಲ್ ಆದಳು’ ಎಂದ ಅಪ್ಪ ಬಿಇಓ ಕಚೇರಿಗೆ ಹೋಗುವುದಿಲ್ಲ, ದಲ್ಲಾಳಿಯ ಮನೆಗೋ ಜೋಯಿಸರ ಮನೆಗೋ ಹೋಗುತ್ತಾನೆ. ‘ಮಗಳಿಗೆ ಒಂದು ವರ್ಷ ಗಣಿತದ ಮೇಷ್ಟ್ರೇ ಇರಲಿಲ್ಲ’ ಎಂದ ಅಪ್ಪ ಹೋಗುವ ದಾರಿ ಬೇರೆ.

ಕೊನೆಯದಾಗಿ ಒಂದು ಸಂಗತಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷ ದೇಶದ ಆತ್ಮಹತ್ಯೆಗಳ ವರದಿ ಹೊರಡಿಸುತ್ತದೆ. ಅದರಲ್ಲಿ ಕಾರಣಗಳ ಪಟ್ಟಿಯಿದೆ, ಪಟ್ಟಿಯಲ್ಲಿ ‘ಪರೀಕ್ಷೆಯಲ್ಲಿ ಫೇಲ್’ ಎಂಬುದಕ್ಕೆ ಪ್ರತ್ಯೇಕ ಸಾಲಿದೆ. ಕಾರಣವಂತೆ! ಒಂದು ಮಗು ತೀರಿಕೊಂಡ ಮೇಲೂ ಕಾರಣದ ಕಾಲಮ್ಮಿನಲ್ಲಿ ಬರೆಯುವುದು ಆ ಮಗುವಿನ ಅಂಕವನ್ನೇ. ಬೈದ ಮನೆಯನ್ನಲ್ಲ, ನಕ್ಕ ಬೀದಿಯನ್ನಲ್ಲ, ಕಲಿಸದ ತರಗತಿಯನ್ನಲ್ಲ. ನಾವು ಚಹಾದ ಅಂಗಡಿಯಲ್ಲಿ ಹಗುರವಾಗಿ ಆಡುವ ವ್ಯಾಕರಣವೇ ದೆಹಲಿಯ ವರದಿಯಲ್ಲೂ ಅಚ್ಚಾಗುತ್ತಿದೆ.

ಈ ಬರಹ ಓದುತ್ತಿರುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ನಾಳೆ ಶಿಕ್ಷಕರಾಗುವವರು, ಪತ್ರಿಕೆಯಲ್ಲಿ ವರದಿ ಬರೆಯುವವರು, ತಮ್ಮಂದಿರ ರಿಸಲ್ಟ್ ನೋಡಿ ಮನೆಯವರಿಗೆ ಮೊದಲು ತಿಳಿಸುವವರು. ಒಂದು ಸಣ್ಣ ಶಿಸ್ತನ್ನು ರೂಢಿಸಿಕೊಳ್ಳಿ. ಯಾರಾದರೂ ‘ಫೇಲ್’ ಎಂದಾಗ ಮೂರು ಪ್ರಶ್ನೆ ಕೇಳಿ: ಯಾವುದರಲ್ಲಿ? ಎಷ್ಟರಲ್ಲಿ? ಕೈಕೊಟ್ಟವರು ಯಾರು? ‘ಅವನು ಎಸ್ಸೆಸ್ಸೆಲ್ಸಿ ಫೇಲು’ ಎಂದರೆ ‘ಇಲ್ಲ, ಅವನಿಗೆ ಇಂಗ್ಲಿಷಿನಲ್ಲಿ ನಾಲ್ಕು ಅಂಕ ಕಡಿಮೆ ಬಂದಿದೆ, ಮುಂದಿನ ಪರೀಕ್ಷೆ ಇದೆ’ ಎಂದು ವಾಕ್ಯವನ್ನು ತಿದ್ದಿ. ನ್ಯಾಯಬೆಲೆ ಅಂಗಡಿಯಲ್ಲಿ ನಿಮ್ಮ ಮುಂದೆ ನಿಂತ ಅಜ್ಜಿಗೆ ‘ನಿಮ್ ಬೆರಳಿಗೇನೂ ಆಗಿಲ್ಲ ಕಣಜ್ಜಿ, ಮಿಷನ್ನಿಗೆ ಓದಕ್ಕೆ ಬರ್ತಿಲ್ಲ’ ಎಂದು ಹೇಳಿ. ನೀರು ಬೀಳದ ಬೋರಿನ ಬಾಯಿಗೆ ಮೊದಲು ಮುಚ್ಚಳ ಹಾಕಿಸಿ, ಆಮೇಲೆ ಅದರ ಬಗ್ಗೆ ಏನು ಬೇಕಾದರೂ ಮಾತಾಡಿ.